ಬೇಲಿರಾಯರ ಫ್ರಾನ್ಸ್ ಯಾತ್ರೆ

ಕೇಳಿ ಸ್ವಾಮಿ, ರಜೆಗೆಂದು ಹೊರಟವರು ಹುಲ್ಲು ಕತ್ತರಿಸುವ ಯಂತ್ರ ಹೊತ್ತುಕೊಂಡು ಹೋಗುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ, ಇಲ್ಲೇ, ಲೀಡ್ಸ್‌ನಲ್ಲಿ, ಮಗನ ಮನೆಯ ಹಿತ್ತಲಲ್ಲಿ ನಿಂತು. ಬೇಸಿಗೆ ಕಳೆಯಲು ಬಂದ ಅಪ್ಪ-ಅಮ್ಮನ ಪಾಡು ನಿಮಗೆ ಗೊತ್ತೇ ಇದೆ. ಮಗ, ಸೊಸೆ ಕೆಲಸಕ್ಕೆ ಹೋದರೆಂದರೆ ಅಮ್ಮನಿಗೆ ಅಡುಗೆಮನೆ, ಅಪ್ಪನಿಗೆ ಹಿತ್ತಲು. ಹಿತ್ತಲಿಗೊಂದು ಎದೆಮಟ್ಟದ ಹಲಗೆ ಬೇಲಿ, ಬೇಲಿಯಾಚೆ ನನ್ನ ಹಾಗೆಯೇ ರಿಟೈರಾದ ಒಬ್ಬ ದೊರೆ. ಹೆಸರೇಕೆ, ಬೇಲಿರಾಯರು ಅನ್ನೋಣ.

ಬೇಲಿರಾಯರಿಗೆ ಫ್ರಾನ್ಸಿನ ನೈಋತ್ಯಕ್ಕಿರುವ ದೋರ್ದೋನ್ ಸೀಮೆಯಲ್ಲಿ ಹಳೆಯ ಕಲ್ಲುಮನೆಯೊಂದಿದೆ. ಅಲ್ಲಿ ಇಂಗ್ಲಿಷರು ಎಷ್ಟು ಮನೆ ಕೊಂಡಿದ್ದಾರೆಂದರೆ, ಏಮೆ ಎಂಬ ಸಣ್ಣ ಊರಿನಲ್ಲಿ ಕ್ರಿಕೆಟ್ ಕ್ಲಬ್ಬೇ ಇದೆಯಂತೆ. ಈ ಹುಚ್ಚಿಗೆ ಒಂದಿಷ್ಟು ತುಪ್ಪ ಸುರಿದವರು ಪೀಟರ್ ಮೇಲ್. ಫ್ರಾನ್ಸಿನ ಇನ್ನೊಂದು ಮೂಲೆ ಪ್ರೊವಾನ್ಸ್‌ನಲ್ಲಿ ಹಳೇ ಮನೆ ಕೊಂಡು, ರಿಪೇರಿಯವರ ಕೈಗೆ ಸಿಕ್ಕಿ ಪಟ್ಟ ಪಾಡನ್ನೆಲ್ಲ ಅವರು 1989ರಲ್ಲಿ ಪುಸ್ತಕ ಮಾಡಿದರು. ಓದಿದವರು ಹೆದರಿ ಸುಮ್ಮನಾಗಬೇಕಿತ್ತು. ಆದರೆ ಆ ಪಾಡು ತಮಗೂ ಬೇಕು ಎಂದು ಹೊರಟರು!

ಲೀಡ್ಸ್‌ನಿಂದ ರಾಯರ ಮನೆಬಾಗಿಲಿಗೆ 1,200 ಕಿಲೋಮೀಟರಿಗಿಂತ ಹೆಚ್ಚು. ಅಂದರೆ ಬೆಂಗಳೂರಲ್ಲಿ ಕಾರು ಹತ್ತಿ, ಮುಂಬೈ ದಾಟಿ, ಗುಜರಾತಿನ ಒಳಗೆ ನುಗ್ಗಿದ ಹಾಗೆ. ಹತ್ತಿರದ ಬರ್ಜರಾಕ್‌ಗೆ ಇಂಗ್ಲೆಂಡಿನಿಂದ ವಿಮಾನವಿದೆ. "ಹಾರಿ ಹೋಗಬಾರದೇ?" ಎಂದೆ. ರಾಯರು ನನ್ನನ್ನು ಕನಿಕರದಿಂದ ನೋಡಿ, "ನಾಯಿ?" ಎಂದರು. ಆಮೇಲೆ ಪೇಂಟಿನ ಡಬ್ಬ, ಹಾಸಿಗೆ, ಹುಲ್ಲಿನ ಯಂತ್ರ, ಆರು ತಿಂಗಳಿಗಾಗುವಷ್ಟು ಯಾರ್ಕ್‌ಷೈರ್ ಟೀ, ಒಂದೊಂದನ್ನೇ ಬೆರಳು ಮಡಿಸಿ ಎಣಿಸಿದರು. ಫ್ರಾನ್ಸಿನಲ್ಲಿ ಚಹಾ ಸಿಗುವುದಿಲ್ಲವೇ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ. ನಮ್ಮ ಸೂಟ್‌ಕೇಸಿನಲ್ಲಿ ಮೈಸೂರಿನ ಚಿಕೋರಿ ಬೆರೆತ ಕಾಫಿಪುಡಿ ಎಷ್ಟು ಬಂದಿದೆ ಎಂಬುದು ಇಡೀ ಬೀದಿಗೇ ವಾಸನೆಯಿಂದ ಗೊತ್ತು.

ಚಹಾಪುಡಿ ಹೋಗಬಹುದು, ಹಾಲು ಹೋಗಬಾರದು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ, 2021ರ ಜನವರಿಯಿಂದ, ಇಲ್ಲಿಂದ ಹಾಲಿನ, ಮಾಂಸದ ಪದಾರ್ಥ ಆಚೆ ಒಯ್ಯುವ ಹಾಗಿಲ್ಲ. ಆ ತಿಂಗಳಲ್ಲೇ ಹಾಲೆಂಡಿನ ಬಂದರಿನಲ್ಲಿ ಲಾರಿ ಡ್ರೈವರೊಬ್ಬನ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಅಧಿಕಾರಿಗಳು ಕಿತ್ತುಕೊಂಡದ್ದು ಟೀವಿಯಲ್ಲೆಲ್ಲ ಬಂತು. ಹಾಗಾಗಿ ರಾಯರ ಮಡದಿ ದಾರಿಯ ಬುತ್ತಿಯನ್ನೆಲ್ಲ ಫ್ರಾನ್ಸಿಗೆ ದಾಟಿಸುವ ಸಮುದ್ರದಡಿಯ ಸುರಂಗಕ್ಕೆ ಮುಂಚೆಯೇ ಮುಗಿಸಿಬಿಡುತ್ತಾರೆ. ನಮ್ಮಾಕೆ ಪುಳಿಯೋಗರೆ ಕಟ್ಟಿಕೊಡುತ್ತೇನೆಂದಳು. ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ನೋಡಿ.

ನಾಯಿಯದ್ದು ಬೇರೆಯೇ ಪುರಾಣ. ಹೊರಡುವ ಮುಂಚಿನ ಹತ್ತು ದಿನದೊಳಗೆ ಪಶುವೈದ್ಯರಿಂದ ಆರೋಗ್ಯದ ಸರ್ಟಿಫಿಕೇಟು ಆಗಬೇಕು. ವಾಪಸು ಬರುವಾಗ, ಬ್ರಿಟನ್ನಿಗೆ ಕಾಲಿಡುವ ಮುನ್ನ 24 ಗಂಟೆಗಿಂತ ಕಡಿಮೆಯಿಲ್ಲದೆ, 120 ಗಂಟೆ ಮೀರದೆ, ಅಲ್ಲಿನ ವೈದ್ಯರ ಕೈಯಿಂದಲೇ ಹೊಟ್ಟೆಹುಳುವಿನ ಮಾತ್ರೆ ನುಂಗಿರಬೇಕು. ನಾಯಿ ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಂಡಿಲ್ಲ. ರಾಯರು ಹಚ್ಚಿಕೊಂಡು ತೆಳ್ಳಗಾಗಿದ್ದಾರೆ.

ಅವರಿಗೂ ಈಗ ಲೆಕ್ಕ ಬಿದ್ದಿದೆ. ಮೊದಲು ಎಷ್ಟು ದಿನ ಬೇಕಾದರೂ ಹೋಗಿ ಇರುತ್ತಿದ್ದರು. ಈಗ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಸ್ವಂತ ಮನೆಯಿದ್ದರೂ ಅಷ್ಟೇ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಡುತ್ತಾರೆ. ಸಾಲದೆಂಬಂತೆ 2025ರ ಅಕ್ಟೋಬರಿನಿಂದ ಯುರೋಪಿನವರು ಹೊರಗಿನವರ ಬೆರಳಚ್ಚು, ಮುಖದ ಫೋಟೋ ತೆಗೆಯುವ ಪದ್ಧತಿ ಶುರುಮಾಡಿದ್ದಾರೆ. "ಬೆರಳಚ್ಚು ಕೊಡಬೇಕಂತೆ, ಕಳ್ಳರ ಹಾಗೆ!" ಎಂದು ರಾಯರು ಗುಡುಗಿದರು. ವೀಸಾಕ್ಕೆಂದು ಹತ್ತೂ ಬೆರಳು ಒತ್ತಿ, ಬ್ಯಾಂಕಿನ ಲೆಕ್ಕಪತ್ರವೆಲ್ಲ ಬಿಚ್ಚಿಟ್ಟು ಬಂದ ನನಗೆ ಒಳಗೊಳಗೇ ಸಣ್ಣದೊಂದು ಖುಷಿಯಾಯಿತು, ಸುಳ್ಳೇಕೆ. ಒಕ್ಕೂಟ ಬಿಡಲು ರಾಯರು ಓಟು ಹಾಕಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಬೇಲಿ ಇರುವುದು ಅಂಥದ್ದನ್ನು ಕೇಳದಿರಲಿಕ್ಕೇ.

ಇನ್ನು ದಾರಿ. ದಾರಿಯ ಮಾತು ಬಂತೆಂದರೆ ರಾಯರ ವಯಸ್ಸು ಇಪ್ಪತ್ತು ವರ್ಷ ಇಳಿಯುತ್ತದೆ. ಫೋಕ್‌ಸ್ಟನ್‌ವರೆಗೆ ಇಂಗ್ಲೆಂಡಿನ ಉದ್ದಕ್ಕೂ ಇಳಿಯಬೇಕು. ಅಲ್ಲಿ ಕಾರನ್ನು ನೇರ ರೈಲಿನೊಳಕ್ಕೆ ನುಗ್ಗಿಸಿ, ಕಾರಿನಲ್ಲೇ ಕೂತಿರುವುದು. 1994ರಲ್ಲಿ ತೆರೆದ ಸುರಂಗ. 50 ಕಿಲೋಮೀಟರಿನಲ್ಲಿ 38ರಷ್ಟು ಸಮುದ್ರದ ತಳದ ಕೆಳಗೆ. 35 ನಿಮಿಷಕ್ಕೆ ಫ್ರಾನ್ಸ್. ಕಿಟಕಿಯಲ್ಲಿ ನೋಡಲು ಏನೂ ಇಲ್ಲ, ಮೀನೂ ಇಲ್ಲ. ಹಡಗಾದರೆ ಡೋವರಿನಿಂದ ಕ್ಯಾಲೆಗೆ ಒಂದೂವರೆ ಗಂಟೆ, ಗಾಳಿಯಾದರೂ ಸಿಗುತ್ತದೆ. ನನ್ನನ್ನು ಕೇಳಿದರೆ ಹಡಗೇ ಸರಿ. ನಾಯಿಗೆ ಹಡಗು ಆಗುವುದಿಲ್ಲವಂತೆ.

ಅತ್ತ ಇಳಿದೊಡನೆ ಲೋಕ ತಿರುಗುಮುರುಗು. ಗಡಿಯಾರ ಒಂದು ಗಂಟೆ ಮುಂದೆ, ರಸ್ತೆ ಬಲಕ್ಕೆ. ಕಾರಿನ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಟಿಕ್ಕರು ಅಂಟಿಸಿರಬೇಕು. ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೀಟು ಕಾರಿನಲ್ಲಿರಲೇಬೇಕು. ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಎಲ್ಲಕ್ಕಿಂತ ಸೊಗಸು ಟೋಲ್‌ಗೇಟು. ಚೀಟಿ ಕೊಡುವ ಪೆಟ್ಟಿಗೆ ಎಡಕ್ಕೆ, ಇಂಗ್ಲಿಷ್ ಕಾರಿನ ಸ್ಟೀರಿಂಗು ಬಲಕ್ಕೆ. ಹಾಗಾಗಿ ಚೀಟಿ ಎಳೆಯುವುದು, ಕಾರ್ಡು ತೋರಿಸುವುದು, ಹಿಂದಿನವರ ಹಾರ್ನಿಗೆ ಮುಗುಳ್ನಗುವುದು, ಎಲ್ಲ ಮಡದಿಯ ಪಾಲು. ಅವರದು ಗಿಡ್ಡ ದೇಹ. ಕಿಟಕಿಯಿಂದ ಅರ್ಧ ಹೊರಗೆ ನೇತಾಡಿದರೂ ಕೈ ಎಟುಕದೆ, ಬಾಗಿಲು ತೆಗೆದು ಇಳಿದೇ ಬಿಡುತ್ತಾರಂತೆ. ಈಗ ಕಾರಿನ ಗಾಜಿಗೆ ನಮ್ಮ ಫಾಸ್ಟ್ಯಾಗಿನಂಥದ್ದೇ ಬಂದಿದೆ, ಗೇಟು ತಾನೇ ಏಳುತ್ತದೆ. "ಮಜವೇ ಹೋಯಿತು" ಎಂದದ್ದು ರಾಯರು, ಮಡದಿಯಲ್ಲ.

ರೂಆಂ, ಲ ಮಾನ್ಸ್, ತೂರ್, ಪ್ವಾತ್ಯೇ. ರಾಯರು ಊರುಗಳನ್ನು ಪಂಚಾಂಗ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಹೊರಡುವುದು ಮಾತ್ರ ಮಂಗಳವಾರವೇ. ಆಗಸ್ಟಿನ ಮೊದಲ ಶನಿವಾರಗಳಲ್ಲಿ ಇಡೀ ಫ್ರಾನ್ಸೇ ರಸ್ತೆಗಿಳಿಯುತ್ತದೆ. ಯಾವ ದಿನ ಹೊರಟರೆ ಕೆಡುಕು ಎಂದು ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣಗಳಲ್ಲಿ ಹೇಳಲು ಅಲ್ಲಿನ ಸರ್ಕಾರವೇ 1976ರಿಂದ ಬೀಝೋಂ ಫ್ಯುತೇ ಎಂಬ ವ್ಯವಸ್ಥೆ ಇಟ್ಟಿದೆ. ನಮ್ಮ ರಾಹುಕಾಲ ಕೇಳಿ ಮೂಗುಮುರಿಯುವವರು ಇದನ್ನು ಕೇಳಬೇಕು. ಕಪ್ಪು ಶನಿವಾರ ಮನೆ ಬಿಟ್ಟವನು ಮಧ್ಯಾಹ್ನದ ಹೊತ್ತಿಗೆ ಪ್ಯಾರಿಸ್ ಬಳಿಯ ರಿಂಗ್‌ರೋಡಿನಲ್ಲಿ ನಿಂತಿರುತ್ತಾನೆ, ಶಾಸ್ತ್ರ ಸುಳ್ಳಾಗುವುದಿಲ್ಲ.

ಸರಿ, ಮನೆ ತಲುಪಿದಿರಿ. ಆಮೇಲೆ? ರಾಯರು ಸ್ವಲ್ಪ ಮಂಕಾದರು. ಮೊಣಕಾಲುದ್ದ ಹುಲ್ಲು, ಚಾವಣಿಯಲ್ಲಿ ಕಣಜದ ಗೂಡು, ಉಬ್ಬಿ ಕೂತ ಬಾಗಿಲು, ಬೂಷ್ಟಿನ ವಾಸನೆ. ಫ್ರಾನ್ಸಿನಲ್ಲಿ ವಾಸದ ಮನೆಗೆ ತೆಗೆದುಹಾಕಿದ ನಿವಾಸ ತೆರಿಗೆ ಎರಡನೇ ಮನೆಗೆ ಹಾಗೇ ಉಳಿದಿದೆ. ಅದರ ನೋಟಿಸೂ ಬಂದು ಬಿದ್ದಿರುತ್ತದೆ. ಮೇ ತಿಂಗಳಲ್ಲಿ ಮುಂಬೈಯಿಂದ ಉಡುಪಿ ಕಡೆಯ ಮನೆಗೆ ಬಂದು, ಹಂಚು ಹೊದಿಸಿ, ಬಾವಿಯ ಕೆಸರು ತೆಗೆಸಿ, ನಾಲ್ಕು ಹಲಸಿನ ಹಪ್ಪಳ ಕಟ್ಟಿಕೊಂಡು ಓಡುವ ನಮ್ಮವರಿಗಾದರೂ ಅಲ್ಲೊಂದು ದೈವವಿದೆ, ಕೋಲವಿದೆ, ಅಜ್ಜಿಯ ನೆನಪಿದೆ. ಬೇಲಿರಾಯರಿಗೆ ಏನಿದೆ?

ಅವರನ್ನೇ ಕೇಳಿದೆ. ಮನೆಯ ವಿಷಯ ಎರಡು ಮಾತಿಗೆ ಮುಗಿಸಿ, ಮತ್ತೆ ಪ್ವಾತ್ಯೇ ಆಚೆಗಿನ ರಸ್ತೆ, ಇಕ್ಕೆಲದ ಸೂರ್ಯಕಾಂತಿ ಹೊಲ, ನೆರಳಿನ ಕಲ್ಲುಬೆಂಚಿನ ಮೇಲೆ ಹೊಸ ಬ್ರೆಡ್ಡು ಮುರಿದು ತಿನ್ನುವ ಮಧ್ಯಾಹ್ನಕ್ಕೆ ಬಂದುಬಿಟ್ಟರು. ನನ್ನ ತೀರ್ಪು ಇಷ್ಟೇ: ಮುಪ್ಪಿನಲ್ಲಿ ಎರಡು ದಿನ ಕಾರು ಓಡಿಸಲು ಗಂಡಸಿಗೊಂದು ನೆಪ ಬೇಕು, ಆ ನೆಪಕ್ಕೆ ಕಲ್ಲಿನ ಗೋಡೆ, ಚಾವಣಿ ಇದ್ದರೆ ಹೆಂಡತಿ ಒಪ್ಪುತ್ತಾಳೆ.

ಮೊನ್ನೆ ಬೆಳಗಿನ ಜಾವ ಹೊರಟರು. ಬೀಗದ ಕೈ ನಮ್ಮಲ್ಲಿದೆ. ಟೊಮೇಟೊ ಗಿಡಕ್ಕೆ ನೀರು ಹಾಕುವುದು ನನ್ನ ಕೆಲಸ, ಹಣ್ಣಾದದ್ದು ನಮ್ಮದೆಂದು ಅಪ್ಪಣೆಯಾಗಿದೆ. ಹಣ್ಣಾಗುವ ತನಕ ಕಾಯುವ ತಾಳ್ಮೆ ನಮ್ಮಾಕೆಗಿಲ್ಲ. ಇವತ್ತು ಟೊಮೇಟೊ ಕಾಯಿಯ ಚಟ್ನಿ.