ಚೈತ್ರದ ಹಿತ್ತಲ ಮೀಮಾಂಸೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಕುರಿತು ನಡೆದ ವಿದ್ವತ್ ಕೆಲಸವೆಲ್ಲ ಶಾಸನ, ಕದನ, ಮಠ, ಬರಗಾಲಗಳ ಸುತ್ತಲೇ ತಿರುಗಿದೆ. ಯುಗಾದಿ ಕಳೆದು ಬಿಸಿಲು ಏರುವುದರೊಳಗೆ ಸಿಗುವ ಒಂದು ಶನಿವಾರ, ಒಂದು ಐತಾರದಲ್ಲಿ ಗೃಹಸ್ಥನೊಬ್ಬ ಲುಂಗಿ ಎತ್ತಿ ಕಟ್ಟಿ, ಹಿತ್ತಲ ಬಾಗಿಲಲ್ಲಿ ನಿಂತು, ‘ಇವತ್ತ ಎಲ್ಲಾ ಸ್ವಚ್ಛ ಮಾಡಿಬಿಡ್ತೀನಿ’ ಎಂದು ಸಾರುವ ಘಟನೆ ಮಾತ್ರ ಪಂಡಿತರ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ. ಶಾಸ್ತ್ರಸಂಪ್ರದಾಯದಂತೆ ಆ ಗೃಹಸ್ಥನನ್ನು ಇನ್ನು ಮುಂದೆ ಕರ್ತೃ ಎನ್ನಲಾಗುವುದು. ಅಷ್ಟಕ್ಕೇ ಅವನು ಏನನ್ನೋ ಮಾಡುತ್ತಾನೆಂದು ಯಾರೂ ತಿಳಿಯಬಾರದು.

ಈ ವಿದ್ಯೆಗೆ ರಾಜಾಶ್ರಯ ದೊರೆತದ್ದು ತಡವಾಗಿ. ಎರಡನೇ ಶನಿವಾರದ ಜತೆಗೆ ನಾಲ್ಕನೆಯದೂ ರಾಜ್ಯದ ಸರಕಾರಿ ನೌಕರರಿಗೆ ರಜೆಯಾದದ್ದು 2019ರಲ್ಲಿ; ಅದಕ್ಕೆ ಪ್ರತಿಯಾಗಿ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು. ಬೀಗರ ಮದುವೆಗಳಿಗೆ ಇದರಿಂದಾದ ನಷ್ಟವೇ ಹಿತ್ತಲಿಗೆ ಲಾಭವಾಯಿತು.

ಮೊದಲು ಕ್ಷೇತ್ರವಿಚಾರ. ಈ ಸೀಮೆಯ ಹೆಚ್ಚಿನ ನೆಲ ಎರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖ್ಖನ್ನಿನ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಇದು. ಇದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಫಾಲ್ಗುಣ ಮುಗಿಯುವ ಹೊತ್ತಿಗೆ ಕೈ ತೂರಿಸುವಷ್ಟು ಬಿರುಕು. ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲಕ್ಕೆ ಒತ್ತುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಇದೆಂದು ಮಣ್ಣು ಬಲ್ಲವರು ಒಪ್ಪಿದ್ದಾರೆ. ಕರ್ತೃ ಈ ಸಂಗತಿಯನ್ನು ಓದಿಕೊಂಡವನು. ನೆಲವೇ ಉಳುತ್ತಿರುವಾಗ ತಾನು ಅಗೆಯುವುದು ಪುನರುಕ್ತಿ ದೋಷವಾಗುತ್ತದೆ ಎಂಬುದು ಅವನ ಮೊದಲ ಸಿದ್ಧಾಂತ. ಹೋದ ವರ್ಷ ಬಿರುಕಿಗೆ ಬಿದ್ದ ಕುರ್ಪಿಯನ್ನೂ ಅವನು ಹುಡುಕುವುದಿಲ್ಲ. ಕಲ್ಲುಗಳನ್ನು ಮೆಲ್ಲಮೆಲ್ಲನೆ ಮೇಲಕ್ಕೆ ತಳ್ಳುವುದು ಎರಿಯ ಗುಣ. ಆದ್ದರಿಂದ ಕುರ್ಪಿ ಕಳೆದಿಲ್ಲ, ದಾರಿಯಲ್ಲಿದೆ.

ಹಿತ್ತಲ ವಿದ್ಯೆಯ ಪಂಥಗಳಲ್ಲಿ ಇಂಡಿ ಪಂಥವೇ ಪ್ರಬಲ. ಇಲ್ಲಿನ ಕಾಗಜಿ ಲಿಂಬಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ತೋಟಿಗರು ಬೇಸಿಗೆಯ ದರಕ್ಕೆ ಕಾಯಿ ಸಿಗಲೆಂದು ಮಳೆಗಾಲದ ಕೊನೆಗೆ ಗಿಡಕ್ಕೆ ನೀರು ಬಂದ್ ಮಾಡಿ, ಎಲೆ ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಡುತ್ತಾರೆ. ಬಾಡಿದ ಗಿಡ ಗಾಬರಿಯಾಗಿ ಹೂ ಒತ್ತುತ್ತದೆ. ಇದು ಹಸ್ತ ಬಹಾರ. ಇಡೀ ಕೃಷಿಶಾಸ್ತ್ರದಲ್ಲಿ ಕರ್ತೃವಿನ ಮನಸ್ಸಿಗೆ ಹಿಡಿಸಿದ್ದು ಇದೊಂದೇ ಅಧ್ಯಾಯ. ನೀರು ಹಾಕದಿರುವುದೂ ಒಂದು ಕೆಲಸ, ಅದೂ ಮಾನ್ಯತೆ ಪಡೆದ ಕೆಲಸ ಎಂಬುದು ಅವನಿಗೆ ಇಲ್ಲಿ ಸಿಕ್ಕಿತು. ಹಸ್ತ ನಕ್ಷತ್ರ ಬರುವುದು ಸೆಪ್ಟೆಂಬರ್ ಕೊನೆಗೆ, ಈಗ ನಡೆದಿರುವುದು ಚೈತ್ರದ ಬಿಸಿಲು ಎಂದು ಅವನ ತಾಯಿ ಎತ್ತಿದ ಆಕ್ಷೇಪ ಹೀಗಿದೆ: ‘ಯಪ್ಪಾ, ಗಿಡ ಹೂ ಬಿಡೂದಿಲ್ಲೋ, ಜೀವಾ ಬಿಡ್ತದ.’ ಕರ್ತೃ ಇದನ್ನು ಪೂರ್ವಪಕ್ಷವೆಂದು ದಾಖಲಿಸಿ ಮುಂದೆ ಸಾಗಿದ.

ಲಿಂಬಿ ಗಿಡದ ಮೇಲಿನ ಹಿಕ್ಕಿಯ ಪ್ರಕರಣವೂ ಇಲ್ಲೇ ಬರಬೇಕು. ಲಿಂಬಿ ಚಿಟ್ಟೆಯ ಮರಿಹುಳ ಚಿಕ್ಕದಿರುವಾಗ ಥೇಟ್ ಹಕ್ಕಿಯ ಹಿಕ್ಕಿ. ಕರಿ, ಕಂದು, ನಡುವೆ ಬಿಳಿ. ಬಲಿತ ಮೇಲೆ ಹಸಿರಾಗಿ ಎಲೆಯಲ್ಲಿ ಎಲೆಯಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೋಡು ಚಾಚಿ ಕಟು ವಾಸನೆ ಬಿಡುತ್ತದೆ. ಶನಿವಾರ ಕರ್ತೃ ನಿಜವಾದ ಹಿಕ್ಕಿಯನ್ನು ಹುಳವೆಂದು ಭಾವಿಸಿ ಕಡ್ಡಿಯಿಂದ ಬೆನ್ನಟ್ಟಿದ. ಐತಾರ ಹುಳವನ್ನು ಹಿಕ್ಕಿಯೆಂದು ಭಾವಿಸಿ ಬೆರಳಿಂದ ಒರೆಸಿದ. ಹಗ್ಗವೂ ಹಾವೂ ಸರದಿಯಂತೆ ಒಂದೇ ಟೊಂಗೆಯಲ್ಲಿ ಕೂತಿರುವ ಇಂಥ ಭ್ರಮೆಗೆ ಅದ್ವೈತಿಗಳಲ್ಲೂ ಉದಾಹರಣೆ ಸಿಕ್ಕಲಾರದು.

ಸಿಂದಗಿ ಪಂಥದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಊರು ವಿಜಯಪುರದಿಂದ ಕಲಬುರ್ಗಿಗೆ ಹೋಗುವ ದಾರಿಯ ಮೇಲಿದೆ. ಹೀಗಾಗಿ ಸಲಿಕೆ ಎತ್ತಿದ ಗಳಿಗೆಗೆ ಸರಿಯಾಗಿ ಯಾರಾದರೊಬ್ಬ ಬೀಗರು ಬಸ್ ಇಳಿದು ಚಹಾಕ್ಕೆ ಬರುತ್ತಾರೆ. ಪಂಥ ಅಲ್ಲಿಗೆ ಮುಗಿಯಿತು.

ಮುದ್ದೇಬಿಹಾಳದವರು ಇತಿಹಾಸವಾದಿಗಳು. 1565ರ ಜನವರಿಯಲ್ಲಿ ವಿಜಯನಗರದ ಪಡೆ ಸೋತ ರಕ್ಕಸಗಿ, ತಂಗಡಗಿಯ ಬಯಲು ಅವರ ಮಗ್ಗುಲಲ್ಲೇ ಇದೆ. ಬಿಡಿಬಿಡಿಯಾಗಿ ಬಂದ ಸುಲ್ತಾನರನ್ನು ವರ್ಷಾನುಗಟ್ಟಲೆ ತಡೆದ ರಾಮರಾಯ, ಅವರು ಕೂಡಿ ಬಂದಾಗ ಉಳಿಯಲಿಲ್ಲ. ಕೊತ್ತಂಬರಿ ಮಡಿಯ ಕಥೆಯೂ ಇಷ್ಟೇ ಎನ್ನುತ್ತಾರೆ ಅಲ್ಲಿನವರು. ಆಡು ಒಂದೇ ಬಂದರೆ ಕೋಲು ಸಾಕು, ಕೋಳಿಯಾದರೆ ಹುಶ್ ಎಂದರಾಯಿತು. ಆಡು, ಕೋಳಿ, ಪಕ್ಕದ ಮನೆಯ ಹುಡುಗರ ಚೆಂಡು ಒಟ್ಟಾದ ದಿನ ಹಿತ್ತಲಿಗೆ ಹಂಪೆಯ ಗತಿ.

ಇನ್ನು ಗೃಹಕೃತ್ಯ. ಈ ಸೀಮೆಯ ವಸಂತದ ಮುಖ್ಯ ವಿಧಿ ಕೂಲರಿನ ಹುಲ್ಲು ಬದಲಿಸುವುದು. ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ಮೊದಲೇ ಮುಗಿಯಬೇಕು. ಕೂಲರ್ ಬಿಚ್ಚಲು ಪಾನಾ ಬೇಕು, ಪಾನಾ ಟ್ರಂಕಿನಲ್ಲಿದೆ, ಟ್ರಂಕು ಹೊರಸಿನ ಕೆಳಗಿದೆ, ಹೊರಸು ಎತ್ತಿದರೆ ನವಾರು ಜೋತುಬಿದ್ದದ್ದು ಕಾಣುತ್ತದೆ, ನವಾರು ಬಿಗಿಯಲು ಹೊರಸನ್ನು ಅಂಗಳಕ್ಕೆ ಒಯ್ಯಬೇಕು, ಅಂಗಳದಲ್ಲಿ ಶ್ಯಾವಿಗೆ ಒಣಹಾಕಿದೆ. ನೈಯಾಯಿಕರು ಇದನ್ನು ಅನವಸ್ಥಾ ದೋಷವೆಂದು ಬಯ್ದಿದ್ದಾರೆ. ಕರ್ತೃ ಇದನ್ನೇ ರಜೆ ಎನ್ನುತ್ತಾನೆ. ಪಾನಾ ಸಿಕ್ಕ ಮೇಲೂ ಅಭಾವ ತಪ್ಪದು. ಇನ್ನೂ ಕೊಂಡಿಲ್ಲದ ಹತ್ತು ನಂಬರಿನದು ಪ್ರಾಗಭಾವ, ಮುರಿದುಹೋದ ಹನ್ನೆರಡು ನಂಬರಿನದು ಪ್ರಧ್ವಂಸಾಭಾವ, ಕೈಯಲ್ಲಿರುವುದು ಬೇಕಾದದ್ದಲ್ಲ ಎಂಬುದು ಅನ್ಯೋನ್ಯಾಭಾವ. ಮೆಕ್ಯಾನಿಕ್ ಒಯ್ದದ್ದು ಅತ್ಯಂತಾಭಾವ.

ಬಾಗೇವಾಡಿ ಪಂಥದ ಪ್ರಶ್ನೆ ಘನವಾದದ್ದು. ಬಸವಣ್ಣ ಹುಟ್ಟಿದ ಊರಿನಲ್ಲಿ ನಿಂತು ಕೇಳಲೇಬೇಕಾದದ್ದು: ಹಿತ್ತಲಲ್ಲಿ ಕೈಯಾಡಿಸುವುದು ಕಾಯಕವೋ ಅಲ್ಲವೋ? ಕಾಯಕವೇ ಎನ್ನುವವರು ಬೆವರನ್ನು ತೋರಿಸುತ್ತಾರೆ. ಅಲ್ಲ ಎನ್ನುವವರು ನುಲಿಯ ಚಂದಯ್ಯನನ್ನು ಕರೆತರುತ್ತಾರೆ: ಆತ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದದ್ದರಲ್ಲಿ ದಾಸೋಹ ನಡೆಸಿದ. ಕರ್ತೃ ಮಲ್ಲಿಗೆ ಬಳ್ಳಿ ಕಟ್ಟಲು ಸುತಳಿ ಕೊಂಡು ತಂದ, ಬಳ್ಳಿ ಕಟ್ಟಲಿಲ್ಲ. ಎರಡು ಬದನೇಕಾಯಿ ಬಂದವು, ಎರಡನ್ನೂ ತಾನೇ ತಿಂದ. ಇಲ್ಲಿ ದಾಸೋಹದ ಅಂಗ ದುರ್ಬಲವಾಗಿದೆಯೆಂದು ಒಪ್ಪಬೇಕು. ಆದರೆ ಶರಣರ ಕಥೆಗಳಲ್ಲಿ ನಮ್ಮ ಶಾಸ್ತ್ರಕ್ಕೆ ಹತ್ತಿರವಾದದ್ದು ಬೇರೆಯದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ, ಇದು ನಮಗೇಕೆ, ತಂದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಕರ್ತೃ ಶನಿವಾರ ಸಂಜೆ ನರ್ಸರಿಯಿಂದ ನಾಲ್ಕು ಗುಲಾಬಿ ಕುಂಡ ತಂದ. ಬಾಗಿಲಲ್ಲೇ ಆದ ಸಂವಾದ:

‘ಏನ್ರೀ ಇದು? ಹ್ವಾದ ಯುಗಾದಿಗಿ ತಂದ ಆರು ಎಲ್ಲಿ ಅದಾವು?’

‘ಅವು ಬ್ಯಾರೆ ಜಾತಿ ಇದ್ದವು.’

‘ಹೌದ್ರಿ, ಒಣಗೂ ಜಾತಿ. ಕೊಟ್ಟು ಬರ್ರಿ.’

ಎಂಟುನೂರು ವರ್ಷಗಳ ಅಂತರದಲ್ಲಿ ತತ್ವ ಕೂದಲೆಳೆಯಷ್ಟೂ ಸಡಿಲವಾಗಿಲ್ಲ.

ಇಷ್ಟಕ್ಕೂ ಈ ವಿದ್ಯೆ ಸಾಹಿತ್ಯಕ್ಕೆ ಕೊಟ್ಟದ್ದೇನು? ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮುಂತಾದವರು, ಊರ ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡಿದ್ದನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಕನ್ನಡ ಅದರಿಂದ ಸಿರಿವಂತವಾಯಿತು. ನೀರಿನ ಪೈಪು ಹಿಡಿದು ನಿಂತ ಗಂಡಸರ ಹಾಡುಗಳ ಸಂಗ್ರಹಕ್ಕೆ ಅವರು ಕೈ ಹಾಕಿದಂತಿಲ್ಲ. ಸಂಗ್ರಾಹಕರ ಅನಾಸಕ್ತಿ ಇದಕ್ಕೆ ಕಾರಣವಲ್ಲ. ಬೀಸುವವಳು ಹಾಡುವ ಹೊತ್ತಿಗೆ ಹಿಟ್ಟು ಬೀಳುತ್ತಿತ್ತು.

ನೀರಿನ ಮಾತು ಬಂತು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಬಹುದೆಂದು ನ್ಯಾಯಮಂಡಳಿ 2010ರಲ್ಲಿ ಹೇಳಿತು. ವ್ಯಾಜ್ಯ ಇನ್ನೂ ತೀರಿಲ್ಲ. ಕರ್ತೃವಿನ ಮಾಳಿಗೆಯ ಮೇಲಿನ ಟ್ಯಾಂಕಿನ ಮಟ್ಟದ ವ್ಯಾಜ್ಯ ಇದಕ್ಕಿಂತ ತೊಡಕಿನದು. ನಳ ಬಂದಾಗ ಅವನು ಮಲಗಿರುತ್ತಾನೆ, ಎದ್ದಾಗ ಹೋಗಿರುತ್ತದೆ. ಕೊಡ, ಬಕೆಟ್ಟು, ಬ್ಯಾರಲ್ಲು ತುಂಬಿಟ್ಟವರಾರು ಎಂಬ ಪ್ರಶ್ನೆಯನ್ನು ಅವನ ಶಾಸ್ತ್ರ ಎತ್ತುವುದಿಲ್ಲ. ಅದು ಸ್ವಯಂಭೂ ಎಂದೇ ಅವನ ಮತ.

ಐತಾರ ಸಂಜೆ ಗೋಡೆಯಾಚೆಯ ನಿವೃತ್ತ ಮಾಸ್ತರರು, ಎರಡು ದಿನ ಕಾಣಲೇ ಇಲ್ಲವಲ್ಲ ಎಂದು ವಿಚಾರಿಸಿದರು. ಕರ್ತೃ ಸೊಂಟದ ಮೇಲೆ ಕೈಯಿಟ್ಟು, ‘ಹಿತ್ತಲದಾಗ ದುಡದು ದುಡದು ಸಾಕಾತ್ರಿ ಸರ್’ ಎಂದ. ಕೂಲರಿಗೆ ಹೊಸ ಹುಲ್ಲು ತುಂಬುತ್ತಿದ್ದ ತಾಯಿ ಒಳಗಿಂದಲೇ ಪೂರಣ ಒದಗಿಸಿದಳು:

‘ಹೌದ್ರಿ ಮಾಸ್ತರ, ಲಿಂಬಿ ಗಿಡಕ್ಕ ಯಾರೂ ನೀರು ಹಾಕಬ್ಯಾಡ್ರಿ ಅಂತ ನಿನ್ನಿಯಿಂದ ಹೇಳೇ ಹೇಳ್ಯಾನ. ರಾತ್ರಿ ನಾ ಎರಡು ಕೊಡ ಹಾಕೇನಿ, ಅವಗ ಹೇಳಬ್ಯಾಡ್ರಿ.’