ಇರ್ಲಿಬಿಡಿ ರಾಯರು

ಭದ್ರಾವತಿಯ ಜನ್ನಾಪುರದಲ್ಲಿ ಅವರ ನಿಜವಾದ ಹೆಸರು ಗೊತ್ತಿರುವುದು ಪೋಸ್ಟ್‌ಮ್ಯಾನ್‌ಗೆ ಮತ್ತು ಬ್ಯಾಂಕಿಗೆ. ಉಳಿದವರಿಗೆಲ್ಲ ಅವರು ಇರ್ಲಿಬಿಡಿ ರಾಯರು.

ಹರಿದ ಕೊಡೆಯನ್ನು ಗುಜರಿಗೆ ಹಾಕೋಣವೇ ಎಂದರೆ, ‘ಇರ್ಲಿ ಬಿಡಿ, ಕಡ್ಡಿ ಬೇಕಾಗುತ್ತೆ.’ ಹೋದ ವರ್ಷದ ಪಂಚಾಂಗ? ‘ಇರ್ಲಿ ಬಿಡಿ, ತಾಳೆ ನೋಡಕ್ಕೆ ಬೇಕಾಗುತ್ತೆ.’ ಅವರ ಮನೆಯ ದಿನಸಿ ಚೀಟಿ ನಲವತ್ತು ವರ್ಷಗಳಿಂದ ಮದುವೆ ಕರೆಯೋಲೆಗಳ ಬೆನ್ನ ಮೇಲೆಯೇ ಬರೆಯಲ್ಪಟ್ಟಿದೆ; ಅಂಗಡಿಯವನು ಚೀಟಿ ತಿರುಗಿಸಿ ಯಾರ ಮದುವೆ ಎಂದು ಓದಿಕೊಂಡೇ ಬೇಳೆ ತೂಗುತ್ತಾನೆ. ಟಿವಿ ಸತ್ತು ವರ್ಷಗಳಾದರೂ ರಿಮೋಟು ಶೋಕೇಸಿನಲ್ಲಿ ಕೂತಿದೆ. ‘ಟಿವಿನೇ ಇಲ್ವಲ್ಲ ಸಾರ್’ ಎಂದರೆ, ‘ಸೆಲ್ ಹಿಡಿಯೋ ಸ್ಪ್ರಿಂಗು ಗಟ್ಟಿಮುಟ್ಟಾಗಿದೆ ಕಣಪ್ಪಾ’ ಎನ್ನುತ್ತಾರೆ.

ಇದಕ್ಕೆ ಊರಿನ ನೀರೂ ಸ್ವಲ್ಪ ಕಾರಣವಿರಬೇಕು. ರಾಯರು ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತರಾದವರು. 1923ರಲ್ಲಿ ಮೊದಲ ಕಬ್ಬಿಣ ಇಳಿಸಿದ ಆ ಕಾರ್ಖಾನೆಗೆ ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಟ್ಟಿಗೆಯನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕುತ್ತಿದ್ದರು, ಇದ್ದಿಲಾಗುವಾಗ ಏಳುವ ಹೊಗೆಯನ್ನೂ ಆಕಾಶಕ್ಕೆ ಬಿಡದೆ ತಣ್ಣಗೆ ಮಾಡಿ ಟಾರು, ಮರದ ಸ್ಪಿರಿಟ್ಟು ಇಳಿಸಿಕೊಳ್ಳುತ್ತಿದ್ದರು. ಊರಿನ ಇನ್ನೊಂದು ಕಡೆ 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ. ಕಬ್ಬಿನ ಸಿಪ್ಪೆಯೂ ಅಲ್ಲಿ ಕಾಗದವಾಯಿತು. ಹೊಗೆಯನ್ನೂ ಸಿಪ್ಪೆಯನ್ನೂ ಬಿಡದ ಊರಿನಲ್ಲಿ ಬೆಳೆದವರ ಮುಂದೆ ‘ಡಿಲೀಟ್’ ಎಂಬ ಮಾತು ಆಡುವುದು, ಶ್ರಾದ್ಧದ ಮನೆಯಲ್ಲಿ ಈರುಳ್ಳಿ ಪಕೋಡ ಕೇಳಿದ ಹಾಗೆ.

ಆ ಮಾತು ಆಡುವ ಕರ್ಮ ನನ್ನದಾಯಿತು.

ರಾಯರಿಗೊಂದು ಗೆಳೆಯರ ಬಳಗವಿದೆ. ರಾಜ್ಯೋತ್ಸವ, ಪ್ರವಾಸ, ಎಪ್ಪತ್ತು ತುಂಬಿದವರಿಗೆ ಶಾಲು ಹೊದಿಸುವುದು, ಇವು ಅದರ ಕಾರ್ಯಕ್ರಮಗಳು. 2016ರಲ್ಲಿ ಯಾರೋ ಒಬ್ಬರ ಅಳಿಯ ಬಳಗಕ್ಕೆ ವೆಬ್‌ಸೈಟ್ ಮಾಡಿಕೊಟ್ಟು ಅಮೆರಿಕಕ್ಕೆ ಹಾರಿದ. ಪಾಸ್‌ವರ್ಡು ರಾಯರ ಕೈಗೆ ಬಂತು. ಸ್ಟೋರ್ಸ್‌ನ ಬೀಗದ ಕೈ ಹಿಡಿದವರಿಗೆ ಪಾಸ್‌ವರ್ಡು ಬೇರೆಯಲ್ಲ: ಒಳಗೆ ಬಂದ ಸಾಮಾನು ಸಹಿಯಿಲ್ಲದೆ ಹೊರಗೆ ಹೋಗಕೂಡದು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಕಂಪ್ಯೂಟರು ಇಟ್ಟುಕೊಂಡು ವೆಬ್‌ಸೈಟುಗಳ ರಿಪೇರಿ ಮಾಡುವ ನನಗೆ ಅವರಿಂದ ವರ್ಷಕ್ಕೊಂದು ಫೋನು, ನವೀಕರಣದ ದುಡ್ಡು ಕಟ್ಟುವಾಗ.

ಈ ಸಲ ಫೋನು ಅಕ್ಟೋಬರಿನಲ್ಲೇ ಬಂತು. ‘ಏನಪ್ಪಾ, ರಾಜ್ಯೋತ್ಸವದ ಕರೆಯೋಲೆ ಏರಿಸ್ತಿದ್ರೆ ಏರ್ತಾನೇ ಇಲ್ಲ. ಬಳಗದ ಮೇಲ್‌ಗೆ ಕಳ್ಸಿದ್ದೆಲ್ಲ ವಾಪಸ್ ಬರ್ತಿದೆಯಂತೆ. ಬಾಗಿಲು ಜಾಮ್ ಆಗಿದೆ ಅನ್ಸುತ್ತೆ, ಬಂದು ನೋಡು.’

ಬಾಗಿಲು ಜಾಮ್ ಆಗಿರಲಿಲ್ಲ, ಅಟ್ಟ ತುಂಬಿತ್ತು. ಬಾಡಿಗೆಗೆ ಹಿಡಿದದ್ದು ಹತ್ತು ಜಿ.ಬಿ. ಜಾಗ, ಅದರಲ್ಲಿ ಇನ್ನೊಂದು ಚಿತ್ರಕ್ಕೂ ಎಡೆಯಿರಲಿಲ್ಲ. ಸೈಟು, ಅದರ ಚಿತ್ರಗಳು, ಬಳಗದ ಮೇಲು ಎಲ್ಲ ಒಂದೇ ಕೊಟ್ಟಿಗೆಯಲ್ಲಿ ಇರುವುದರಿಂದ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರಿಗೆ ಉಸಿರು ಕಟ್ಟುತ್ತದೆ. ‘ಇನ್ನೊಂದಷ್ಟು ಜಾಗ ಕೊಳ್ಳೋಣ ಬಿಡು’ ಎಂದರು ರಾಯರು. ದುಡ್ಡು ಎಷ್ಟಾಗುತ್ತದೆ ಎಂದು ಹೇಳಿದೆ. ತಕ್ಷಣ ಬಳಗದ ಖಜಾಂಚಿಯಾಗಿಯೂ ತಾವೇ ಇರುವುದು ಅವರಿಗೆ ನೆನಪಾಯಿತು.

ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ರಾಯರ ಮನೆಯ ಅಮ್ಮಾವ್ರು ಮಂಡಕ್ಕಿ ಒಗ್ಗರಣೆ ತಟ್ಟೆ ಮುಂದಿಟ್ಟು, ದನಿ ತಗ್ಗಿಸಿ, ‘ಅದರಲ್ಲಿ ಜಾಗ ಆದ್ಮೇಲೆ ನಮ್ಮ ಅಟ್ಟನೂ ಒಂಚೂರು ನೋಡ್ಕೊಂಡು ಹೋಗಪ್ಪಾ’ ಎಂದರು.

ಕಡತಗಳ ಪಟ್ಟಿ ತೆರೆದೆ. ‘ಹೊಸದು’, ‘ಹೊಸದು 2’, ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಮುಟ್ಟಬೇಡಿ’. ಇವೆಲ್ಲ ಅಳಿಯನ ಕಾಲದ ಸೈಟಿನ ಅವತಾರಗಳು. ಇವು ಸಣ್ಣವು. ಅವುಗಳ ಕೆಳಗೆ ನಾಲ್ಕು ಜಿಪ್ ಕಡತಗಳು ಮಲಗಿದ್ದವು. ‘ಇವೇನು ಸಾರ್?’

‘ಬ್ಯಾಕಪ್ಪು’ ಎಂದರು ಹೆಮ್ಮೆಯಿಂದ. ‘ಮೊದಲ್ನೇ ವರ್ಷ ತಿಂಗಳಿಗೊಂದು ನಾನೇ ಕೈಯಾರೆ ಮಾಡಿದ್ದು. ಆಮೇಲೆ ಐದ್ನೇದು ಮಾಡಕ್ಕೆ ಹೋದ್ರೆ ಆಗ್ಲಿಲ್ಲ. ಸರ್ವರ್ ಸರಿ ಇಲ್ಲ.’

ಸರ್ವರ್ ಸರಿಯಾಗಿಯೇ ಇತ್ತು. ಇಡೀ ಸೈಟನ್ನು ಗಂಟು ಕಟ್ಟಿ, ಗಂಟನ್ನು ಸೈಟಿನ ಒಳಗೇ ಇಟ್ಟಿದ್ದರು. ಮುಂದಿನ ತಿಂಗಳು ಕಟ್ಟಿದ ಗಂಟಿನೊಳಗೆ ಸೈಟಿನ ಜೊತೆ ಹಿಂದಿನ ಗಂಟೂ ಸೇರಿತು. ಮೊದಲನೆಯದು 300 ಎಂ.ಬಿ.; ಎರಡನೆಯದು ಅದನ್ನು ನುಂಗಿ 600; ಮೂರನೆಯದು ಎರಡನ್ನೂ ನುಂಗಿ 1200; ನಾಲ್ಕನೆಯದು 2400. ಚದುರಂಗದ ಮನೆಗೊಂದಕ್ಕೆ ದುಪ್ಪಟ್ಟು ಅಕ್ಕಿಕಾಳು ಕೇಳಿದ ಬುದ್ಧಿವಂತನ ಕಥೆ ಎಲ್ಲರಿಗೂ ಗೊತ್ತು. ಅದನ್ನು ಕೇಳದೆಯೇ ಕೊಟ್ಟವರು ರಾಯರೊಬ್ಬರೇ. ನಾಲ್ಕೂವರೆ ಜಿ.ಬಿ. ಅಲ್ಲೇ ಹೋಗಿತ್ತು. ಮನೆಗೆ ಬೆಂಕಿ ಬಿದ್ದರೆ ಇರಲಿ ಎಂದು ಮಾಡಿಸಿದ ಎರಡನೇ ಬೀಗದ ಕೈಯನ್ನು ಅದೇ ಮನೆಯ ಬೀರುವಿನಲ್ಲಿ ಇಟ್ಟ ಹಾಗೆ ಸಾರ್ ಎಂದೆ. ‘ಮತ್ತೆಲ್ಲಿ ಇಡ್ಬೇಕು? ನಾವೂ ಅಲ್ಲೇ ಇಟ್ಟಿದೀವಿ’ ಎಂದರು. ಒಳಗಿನಿಂದ ಅಮ್ಮಾವ್ರು ಹೂಂಗುಟ್ಟಿದರು.

ನಂತರದ್ದು ಫೋಟೋಗಳು, 3.4 ಜಿ.ಬಿ. ಸಂಖ್ಯೆ ಐನೂರು ಚಿಲ್ಲರೆ ಅಷ್ಟೆ, ಕಡತಗಳು ಮಾತ್ರ ನಾಲ್ಕು ಸಾವಿರ ದಾಟಿದ್ದವು. ಇದರಲ್ಲಿ ರಾಯರ ತಪ್ಪು ಅರ್ಧ. ಸೈಟು ನಡೆಯುವುದು ವರ್ಡ್‌ಪ್ರೆಸ್ಸಿನಲ್ಲಿ. ಅದಕ್ಕೆ ಒಂದು ಚಿತ್ರ ಕೊಟ್ಟರೆ ಅಂಗುಷ್ಠಗಾತ್ರದಿಂದ ಗೋಡೆಗಾತ್ರದವರೆಗೆ ಬೇರೆಬೇರೆ ಅಳತೆಯ ನಕಲು ತಾನೇ ಮಾಡಿಟ್ಟುಕೊಳ್ಳುತ್ತದೆ. 2019ರಿಂದೀಚೆಗೆ ಆ ಸಾಲಿಗೆ ಇನ್ನೂ ದೊಡ್ಡ ಅಳತೆಗಳು ಸೇರಿ, ದೊಡ್ಡ ಚಿತ್ರವೊಂದಕ್ಕೆ ಮೂಲವೂ ಸೇರಿ ಎಂಟು ಕಡತ. ಇನ್ನರ್ಧ ತಪ್ಪು, ಮೊಬೈಲಿನಲ್ಲಿ ತೆಗೆದ ನಾಲ್ಕು ಎಂ.ಬಿ. ಚಿತ್ರವನ್ನು ಹಾಗೆಯೇ ಏರಿಸಿದ್ದು. ನೋಡುವವರು ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ಚಿತ್ರ ಮಾತ್ರ ಫ್ಲೆಕ್ಸ್ ಹಾಕಿಸುವಷ್ಟು ದೊಡ್ಡದು.

‘ಒಂದೇ ಥರದ್ದು ತೆಗೆದುಬಿಡೋಣ ಸಾರ್’ ಎಂದು ದೀಪ ಬೆಳಗಿಸುವ ಚಿತ್ರಗಳನ್ನು ತೆರೆದೆ. ಇಪ್ಪತ್ತಮೂರಿದ್ದವು. ಮೊದಲನೆಯದರಲ್ಲಿ ಅತಿಥಿಗಳ ಕೈಯಲ್ಲಿ ಮೇಣದಬತ್ತಿ. ಎರಡರಿಂದ ಒಂಬತ್ತರವರೆಗೆ ಫ್ಯಾನಿನ ಗಾಳಿಗೆ ಅದು ಆರಿಹೋಗಿದೆ, ಎಲ್ಲರೂ ಒಬ್ಬರ ಜೇಬು ಒಬ್ಬರು ನೋಡುತ್ತಿದ್ದಾರೆ. ಹತ್ತರಲ್ಲಿ ಬೆಂಕಿಪೊಟ್ಟಣ ಬಂದಿದೆ, ಅಧ್ಯಕ್ಷರ ಕಣ್ಣು ಮುಚ್ಚಿದೆ. ಹನ್ನೊಂದರಲ್ಲಿ ಕಣ್ಣು ತೆರೆದಿದೆ, ಉಪಾಧ್ಯಕ್ಷರ ಅರ್ಧ ಮುಖ ಕಂಬದ ಹಿಂದೆ. ಹನ್ನೆರಡರಲ್ಲಿ ಉಪಾಧ್ಯಕ್ಷರು ಪೂರ್ತಿ ಇದ್ದಾರೆ, ದೀಪವೇ ಇಲ್ಲ.

‘ಹನ್ನೊಂದು ಇಟ್ಕೊಳ್ಳೋಣ?’

‘ಉಪಾಧ್ಯಕ್ಷರು ಏನಂದ್ಕೋತಾರೆ?’

‘ಹನ್ನೆರಡು?’

‘ದೀಪ ಇಲ್ದೆ ದೀಪ ಬೆಳಗಿಸಿದ್ದು ಹೇಗಪ್ಪಾ?’

‘ಹೋಗ್ಲಿ, ಬತ್ತಿ ಆರಿರೋ ಎಂಟು ತೆಗೀಲಾ?’

ರಾಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ‘ಇರ್ಲಿ ಬಿಡು. ಆ ಫ್ಯಾನ್ ಸ್ಪೀಡ್ ಯಾರು ಇಟ್ಟಿದ್ದು ಅಂತ ಮುಂದೆ ಯಾವತ್ತಾದ್ರೂ ಪ್ರಶ್ನೆ ಬಂದ್ರೆ?’

ಸಭೆಯ ನಡಾವಳಿಗಳ ಕಥೆ ಬೇರೆ. ರಾಯರು ನುಡಿ ತಂತ್ರಾಂಶದಲ್ಲಿ ಚೊಕ್ಕವಾಗಿ ಟೈಪು ಮಾಡುತ್ತಾರೆ. ಹಳೆಯ ನುಡಿ ಅಕ್ಷರವನ್ನು ಸೈಟಿಗೆ ಅಂಟಿಸಿದರೆ ಅದು ಕನ್ನಡವಾಗಿ ಕಾಣದೆ ಯಾವುದೋ ಗ್ರಹದ ಲಿಪಿಯಾಗುತ್ತಿತ್ತು. ಯೂನಿಕೋಡ್‌ಗೆ ಬದಲಿಸುವ ಬದಲು ಅವರು ಹಾಳೆ ಮುದ್ರಿಸಿ, ಸಹಿ ಹಾಕಿ, ಅತಿ ಹೆಚ್ಚಿನ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ, ಚಿತ್ರವಾಗಿ ಏರಿಸಿದರು. ಸೈಟುಗಳು ಬಳಸುವ ಯುಟಿಎಫ್-8 ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಹಾಗೆ ಲೆಕ್ಕ ಹಾಕಿದರೂ ಒಂದು ಪುಟ ಏಳೆಂಟು ಕೆ.ಬಿ. ದಾಟದು. ರಾಯರ ಪುಟ ಐದು ಎಂ.ಬಿ. ತೂಗುತ್ತಿತ್ತು. ಕಾಫಿ ಲೋಟದ ಗುಂಡು ಕಲೆ ಅದರಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಲೋಟ ಯಾವ ಕಡೆ ಸೊಟ್ಟಗಿದೆಯೆಂದು ಹೇಳಬಹುದಿತ್ತು.

ಬಳಗದ ಇ-ಮೇಲಿನ ಪಾಲು 1.2 ಜಿ.ಬಿ. ಅದರಲ್ಲಿ ಬಹುಪಾಲು ಕಸದ ಬುಟ್ಟಿಯಲ್ಲೇ ಇತ್ತು. ‘ಬುಟ್ಟಿ ಖಾಲಿ ಮಾಡ್ಲಾ?’ ಎಂದೆ. ‘ಒಂದ್ಸಲ ನೋಡ್ದೆ ಹೇಗೆ ಖಾಲಿ ಮಾಡೋದು?’ ಎಂದರು. ಕಸವನ್ನು ನೋಡಿ ಎಸೆಯುವವರು ಉಂಟು, ನೋಡದೆ ಎಸೆಯುವವರು ಉಂಟು. ಎಸೆದ ಮೇಲೆ ನೋಡುವ ಪಂಗಡ ಇದು. ಇದಲ್ಲದೆ ದೋಷಗಳ ದಿನಚರಿಯೊಂದು ಮೂಲೆಯಲ್ಲಿ 300 ಎಂ.ಬಿ. ಬೆಳೆದಿತ್ತು. ಯಾವುದೋ ಹಳೆಯ ಪ್ಲಗಿನ್ನು ಸರಿಯಿಲ್ಲವೆಂಬ ಒಂದೇ ದೂರನ್ನು ಸರ್ವರು ವರ್ಷಗಟ್ಟಲೆ ಸಾಲಿನ ಕೆಳಗೆ ಸಾಲು ಬರೆದುಕೊಂಡೇ ಬಂದಿದೆ, ಯಾರೂ ಓದಿಲ್ಲ. ರಾಯರಿಗೆ ಅದರ ಮೇಲೆ ಗೌರವ ಹುಟ್ಟಿತು. ‘ಪಾಪ, ರಿಜಿಸ್ಟರ್ ತಪ್ಪದೆ ಬರ್ದಿದೆ ನೋಡು.’

ಮಧ್ಯಾಹ್ನದವರೆಗೆ ಒಂದು ಕಡತವೂ ಅಲುಗಲಿಲ್ಲ. ತಾಳ್ಮೆ ತಪ್ಪಿ ನಾನು ‘ಡಿಲೀಟ್ ಮಾಡ್ದೆ ಆಗಲ್ಲ ಸಾರ್’ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ರಾಯರು ಎದ್ದು ನಿಂತರು. ‘ವಿಶ್ವೇಶ್ವರಯ್ಯನವರ ಕಾರ್ಖಾನೆ ಹೊಗೇನೂ ಬಿಡ್ಲಿಲ್ಲ ಕಣಪ್ಪಾ. ನೀನು ಫೋಟೋ ಬಿಡು ಅಂತೀಯ.’

ಊಟಕ್ಕೆ ಕೂತಾಗ ಅಮ್ಮಾವ್ರು ಹಲಸಿನ ಹಪ್ಪಳದ ಜೊತೆ ದಾರಿಯನ್ನೂ ಬಡಿಸಿದರು. ‘ಇವರು ಎಸೆಯೋದು ಅಂದ್ರೆ ಒಪ್ಪಲ್ಲ. ಹೋದ ವರ್ಷ ಹಿತ್ತಾಳೆ ಪಾತ್ರೆ ಎಲ್ಲ ಕರಗಿಸಿ ಒಂದು ದೊಡ್ಡ ದೀಪದ ಕಂಬ ಮಾಡ್ಸೋಣ ಅಂದೆ. ಮಾತಾಡ್ದೆ ತಗೊಂಡ್ ಹೋದ್ರು.’

ಊಟವಾದ ಮೇಲೆ ಡಿಲೀಟ್ ಎಂಬ ಶಬ್ದವನ್ನು ನಾಲಿಗೆಯಿಂದ ತೆಗೆದುಹಾಕಿದೆ. ‘ಸಾರ್, ಕಾರ್ಖಾನೇಲಿ ಸ್ಕ್ರ್ಯಾಪ್ ಏನ್ಮಾಡ್ತಿದ್ರಿ?’

‘ಕುಲುಮೆಗೆ ಹಾಕಿ ಕರಗಿಸ್ತಿದ್ವಿ. ಹೊಸ ಎರಕಕ್ಕೆ ಬರುತ್ತೆ.’

‘ಇದೂ ಹಂಗೇ. ನಾಲ್ಕು ಎಂ.ಬಿ. ಫೋಟೋನ ಕರಗಿಸಿ, ಅಗಲ 1600 ಚುಕ್ಕಿಗೆ ಇಳ್ಸಿ, ಹೊಸದಾಗಿ ಎರಕ ಹೊಯ್ಯೋಣ. ಮುನ್ನೂರು ನಾನೂರು ಕೆ.ಬಿ.ಗೆ ಬರುತ್ತೆ. ಮುಖ ಅದೇ, ಶಾಲು ಅದೇ.’

‘ಕಿಟ್ಟ ಎಷ್ಟು ಹೋಗುತ್ತೆ?’

‘ಕಣ್ಣಿಗೆ ಕಾಣ್ದೇ ಇರೋದಷ್ಟೇ ಹೋಗುತ್ತೆ.’

ಅವರ ಮುಖ ಅರಳಿತು. ಆದರೆ ಸ್ಟೋರ್ಸಿನವರು ಬಾಯಿಮಾತಿಗೆ ಸಾಮಾನು ಬಿಡುವುದಿಲ್ಲ. ಉದ್ದನೆಯ ರಿಜಿಸ್ಟರು ಹೊರಬಂತು; ಗೆರೆ ಎಳೆದರು: ಕ್ರಮಸಂಖ್ಯೆ, ಸಾಮಾನಿನ ವಿವರ, ಸ್ಥಿತಿ, ವಿಲೇವಾರಿಗೆ ಕಾರಣ, ಸಹಿ. ವಿಲೇವಾರಿ ಸಮಿತಿಗೆ ಮೂವರು ಬೇಕು ಎಂದು ಅಮ್ಮಾವ್ರನ್ನು ಕರೆದು ಕೂರಿಸಿದರು. ಆರಿದ ಬತ್ತಿಯ ಎಂಟು ಚಿತ್ರಗಳ ಮುಂದೆ ‘ಸ್ಥಿತಿ: ಬೆಳಕಿಲ್ಲ’ ಎಂದು ಬರೆದಾಗ ಅವರ ಕೈ ಸ್ವಲ್ಪ ನಡುಗಿತು. ಅಮ್ಮಾವ್ರು ಮಾತ್ರ ಓದುವ ಮೊದಲೇ ಸಹಿ ಹಾಕುತ್ತ ಹೋದರು. ನನ್ನ ಫೋನಿನಲ್ಲಿ ಎಷ್ಟು ಶುಭೋದಯದ ಚಿತ್ರಗಳಿವೆ ಎಂದು ಅವರು ಕೇಳಲಿಲ್ಲ, ಬಚಾವಾದೆ.

ಮೂಲ ಚಿತ್ರಗಳು, ನಾಲ್ಕು ಗಂಟುಗಳು, ಕಸದ ಬುಟ್ಟಿಯೂ ಸೇರಿ ಎಲ್ಲವೂ ಮೊದಲು ಶಿವಮೊಗ್ಗದ ನೆಹರೂ ರಸ್ತೆಯಿಂದ ತಂದ ಹಾರ್ಡ್ ಡಿಸ್ಕಿಗೆ ಇಳಿಯಬೇಕೆಂದು ಷರತ್ತು. ಅದಕ್ಕೇ ಎರಡು ದಿನ ಹಿಡಿಯಿತು. ಡಿಸ್ಕನ್ನು ಹಾಲಿನ ಕವರಿನಲ್ಲಿ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟು, ಮೇಲೊಂದು ನುಸಿಗುಳಿಗೆ ಇಟ್ಟರು. ‘ಫೈಲಿಗೆ ನುಸಿ ಹಿಡಿಯಲ್ಲ ಸಾರ್’ ಎಂದೆ. ‘ಇರ್ಲಿ ಬಿಡು’ ಎಂದರು.

ಮೂರನೇ ದಿನ ಸಂಜೆ ಲೆಕ್ಕ ನೋಡಿದರೆ 1.1 ಜಿ.ಬಿ. ಕರೆಯೋಲೆ ಏರಿತು, ಮೇಲು ಬಂತು, ಸೈಟು ಹಗುರಾಗಿ ತೆರೆದುಕೊಂಡಿತು. ಅಮ್ಮಾವ್ರು ಅಟ್ಟದ ಕಡೆ ಕಣ್ಣು ಮಾಡಿದರು. ನಾನು ಕಾಣದವನಂತೆ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ. ಕಡದಕಟ್ಟೆ ದಾಟುವ ಹೊತ್ತಿಗೆ ಫೋನು.

‘ಅಲ್ಲ ಕಣಪ್ಪಾ, ಒಂಬತ್ತು ಜಿ.ಬಿ. ಖಾಲಿ ಬಿದ್ದಿದೆಯಲ್ಲ?’

‘ಹೌದು ಸಾರ್, ಇನ್ನು ಹತ್ತು ವರ್ಷ ಚಿಂತೆ ಇಲ್ಲ.’

‘ಚಿಂತೆ ಅದೇ. ನಮ್ಮ ಸ್ಟೋರ್ಸಲ್ಲಿ ರ‍್ಯಾಕ್ ಖಾಲಿ ಕಂಡ್ರೆ ಬೇರೆ ಸೆಕ್ಷನ್‌ನೋರು ಬಂದು ಹಿಡ್ಕೊಂಡ್ಬಿಡ್ತಿದ್ರು. ಈ ಜಾಗನೂ ಯಾರಾದ್ರೂ ಹಿಡ್ಕೊಂಡ್ರೆ? ಮನೇಲಿ ಮೂವತ್ತೆಂಟು ವಿಡಿಯೋ ಕ್ಯಾಸೆಟ್ ಇದೆ, ಎಲ್ಲರ ಮನೆ ಮದ್ವೇದು. ಅದನ್ನ ಒಳಗೆ ಹಾಕಕ್ಕೆ ಎಷ್ಟಾಗುತ್ತೆ?’

ತಲೆ ಗಿರ್ರೆಂದಿತು. ‘ಅಯ್ಯೋ, ಅದೊಂದು ಇರ್ಲಿ ಬಿಡಿ ಸಾರ್!’ ಎಂದೆ.

‘ಅದೇ ನಾನೂ ಹೇಳಿದ್ದು, ಇರ್ಲಿ ಅಂತ. ಸೋಮವಾರ ಎಷ್ಟೊತ್ತಿಗೆ ಬರ್ತೀಯ?’