ಎರಡು ಕಾಲಿನ ಮಾದರಿ: ಹಸುಗಳಿಗೊಂದು ಬಳಕೆಯ ಕೈಪಿಡಿ

ಅಭಿನಂದನೆಗಳು. ನಾಲ್ಕು ಕಾಲಿನ ದೇಹವನ್ನು ಒಪ್ಪಿಸಿ ನೀವು ಮನುಷ್ಯ ದೇಹವನ್ನು ಪಡೆದಿದ್ದೀರಿ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿ ಮುಗಿಸಿದ ಮೇಲೆ ತಿನ್ನಬೇಡಿ. ಕಾಗದ ಅರಗಿಸುವ ಏರ್ಪಾಡು ಇದರಲ್ಲಿಲ್ಲ. ವಿವರಕ್ಕೆ ಭಾಗ 3 ನೋಡಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಗಾಬರಿ ಬೇಡ, ಬಹುಪಾಲು ಸಾಮಾನು ಹಳೆಯದೇ. ಹೃದಯಕ್ಕೆ ಅದೇ ನಾಲ್ಕು ಕೋಣೆ, ಕತ್ತಿಗೆ ಅದೇ ಏಳು ಮೂಳೆ. ಹಲ್ಲು ಎಣಿಸಿದರೂ ಅದೇ 32, ಜೋಡಣೆ ಮಾತ್ರ ಬೇರೆ. ನಿಮ್ಮ ಮೇಲ್ದವಡೆಯ ಮುಂದುಗಡೆ ಹಲ್ಲೇ ಇರಲಿಲ್ಲ, ಗಟ್ಟಿ ವಸಡಿನ ಪಟ್ಟಿಯಿತ್ತು. ಈಗ ಅಲ್ಲೂ ಹಲ್ಲಿದೆ. ಜಾತ್ರೆಯಲ್ಲಿ ನಿಮ್ಮ ತುಟಿ ಎತ್ತಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದೆ ಎಂದು ವಯಸ್ಸು ಹೇಳುತ್ತಿದ್ದ ದಲ್ಲಾಳಿ ಇನ್ನು ಬಾಯಿಗೆ ಕೈ ಹಾಕುವುದಿಲ್ಲ. ಇಲ್ಲಿ ಜನನ ಪ್ರಮಾಣಪತ್ರ ತೋರಿಸಿದರೆ ಸಾಕು.

ಪಕ್ಕೆಲುಬು 13 ಜೊತೆಯ ಬದಲು 12 ಇರುತ್ತದೆ. ಒಂದು ಜೊತೆ ಕಡಿಮೆ ಬಂದಿದೆ ಎಂದು ವಾಪಸು ತರಬೇಡಿ. ಬಾಲ ಇಲ್ಲ, ಅದರ ಬುಡದ ಮೂಳೆಯ ತುಣುಕಷ್ಟೇ ಉಳಿದಿದೆ. ನೊಣ ಕೂತ ಜಾಗದ ಚರ್ಮವನ್ನು ಮಾತ್ರ ಅದುರಿಸುವ ನಿಮ್ಮ ಹಳೆಯ ಚಮತ್ಕಾರವೂ ಇಲ್ಲಿ ನಡೆಯದು. ಕೈ ಬಳಸಿ.

ಕಣ್ಣುಗಳನ್ನು ಮುಖದ ಎರಡು ಬದಿಯಿಂದ ಮುಂದಕ್ಕೆ ತರಲಾಗಿದೆ. ಹಿಂದಿನಿಂದ ಬರುವ ಬೈಕು ಇನ್ನು ಕಾಣುವುದಿಲ್ಲ. ಬದಲಿಗೆ ಎರಡು ಬಗೆಯ ಬಣ್ಣದ ಕೋಶಗಳ ಜಾಗದಲ್ಲಿ ಮೂರು ಬಗೆ ಕೊಟ್ಟಿದ್ದೇವೆ. ಸಿಗ್ನಲ್ಲಿನ ಕೆಂಪು, ಹಸಿರು ಚೆನ್ನಾಗಿ ಬೇರೆಬೇರೆಯಾಗಿ ಕಾಣುವುದರಿಂದ, ನಡುರಸ್ತೆಯಲ್ಲಿ ಮಲಗುವ ಹಕ್ಕು ಇಂದಿಗೆ ರದ್ದು.

2. ನಿಲ್ಲಿಸುವ ಕ್ರಮ

ಗೊರಸೆಂದರೆ ಉಗುರು. ಇಷ್ಟು ದಿನ ನೀವು ಪ್ರತಿ ಕಾಲಿನ ಮೂರನೆಯ, ನಾಲ್ಕನೆಯ ಬೆರಳುಗಳ ತುದಿಯ ಮೇಲೆ ನಿಂತಿದ್ದಿರಿ. ಮುಂಗಾಲಿನ ಮಂಡಿ ಎಂದುಕೊಂಡಿದ್ದು ವಾಸ್ತವದಲ್ಲಿ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡ ಗಂಟು ಹಿಮ್ಮಡಿ. ಅದು ನೆಲವನ್ನೇ ಮುಟ್ಟಿರಲಿಲ್ಲ. ಈಗ ಕೆಳಗಿಳಿಸಿ, ಅಂಗಾಲು ಪೂರ್ತಿ ಊರಿ, ಬೆನ್ನು ನೆಟ್ಟಗೆ ಮಾಡಿ. ನೆಲದಿಂದ ಏಳುವಾಗ ಹಳೆಯ ಅಭ್ಯಾಸದಂತೆ ಮೊದಲು ಹಿಂಭಾಗ ಎತ್ತಬೇಡಿ. ಮದುವೆ ಮನೆಯ ಪಂಕ್ತಿಯಲ್ಲಂತೂ ಬೇಡವೇ ಬೇಡ.

ಹಸುವಿಗೆ ಕೊರಳೆಲುಬು (ಕಾಲರ್ ಬೋನ್) ಇಲ್ಲ, ಮುಂಗಾಲುಗಳು ಸ್ನಾಯುಗಳ ಬಲದಲ್ಲೇ ಮೈಗೆ ಅಂಟಿಕೊಂಡಿವೆ. ಈ ಮಾದರಿಗೆ ಅದನ್ನು ಕೂಡಿಸಿರುವುದರಿಂದ ಕೈ ಚಾಚಿ ಬಸ್ಸಿನ ಕಂಬಿ ಹಿಡಿಯಬಹುದು. ಸ್ಕೂಟರಿನಿಂದ ಬಿದ್ದಾಗ ಮುರಿಯುವುದೂ ಹೆಚ್ಚಾಗಿ ಅದೇ.

3. ಹೊಟ್ಟೆ

ಇದೇ ಮುಖ್ಯ ಬದಲಾವಣೆ. ನಿಮ್ಮ ಹೊಟ್ಟೆಗೆ ನಾಲ್ಕು ಕೋಣೆಗಳಿದ್ದವು, ಮೊದಲನೆಯದೊಂದೇ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತಿತ್ತು. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆದು ಕೊಡುತ್ತಿದ್ದವು. ನಾರು ಒಡೆಯುವ ರಸ ನಿಮ್ಮಲ್ಲೂ ಇರಲಿಲ್ಲ, ಈ ದೇಹದಲ್ಲೂ ಇಲ್ಲ. ಮನುಷ್ಯನ ಜಠರ ನಿಮ್ಮ ನಾಲ್ಕನೆಯ ಕೋಣೆಗಷ್ಟೇ ಸಮ. ಉಂಡ ಮೇಲೂ ಅದರಲ್ಲಿ ಹಿಡಿಯುವುದು ಲೀಟರು, ಒಂದೂವರೆ ಲೀಟರು.

ಉಳಿದ ಮೂರು ಕೋಣೆ ಎಲ್ಲಿ ಹೋದವು? ಅವನ್ನು ಕಳಚಿ ದೇಹದ ಹೊರಗಿಟ್ಟಿದ್ದೇವೆ. ಅದನ್ನು ಅಡುಗೆಮನೆ ಎನ್ನುತ್ತಾರೆ. ರಾತ್ರಿ ಮುಚ್ಚಿಟ್ಟ ದೋಸೆಹಿಟ್ಟಿನ ಪಾತ್ರೆಯ ಮುಚ್ಚಳ ಬೆಳಿಗ್ಗೆ ತೆಗೆದು ನೋಡಿ. ಹಿಟ್ಟು ಉಬ್ಬಿದೆ, ಗುಳ್ಳೆ ಒಡೆಯುತ್ತಿದೆ, ಹುಳಿ ವಾಸನೆ ಮೂಗಿಗೆ ಬಡಿಯುತ್ತಿದೆ. ನಿಮ್ಮ ಮೊದಲ ಕೋಣೆಯ ಕೆಲಸ ಇದೇ. ರುಬ್ಬುವುದು, ಹುದುಗಿಸುವುದು, ಬೇಯಿಸುವುದು ಎಲ್ಲ ಹೊರಗೇ ಮುಗಿಯುವುದರಿಂದ ಒಳಗೆ ಸಣ್ಣ ಚೀಲ ಸಾಕಾಗುತ್ತದೆ. ಒಲೆಯ ಮುಂದೆ ಯಾರು ನಿಲ್ಲಬೇಕೆಂಬ ಜಗಳ ಮನೆಮನೆಯಲ್ಲೂ ಉಂಟು. ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಎಚ್ಚರಿಕೆ: ನುಂಗಿದ್ದನ್ನು ಮತ್ತೆ ಬಾಯಿಗೆ ತರಿಸಬೇಡಿ. ಇಲ್ಲಿ ಅದನ್ನು ವಾಂತಿ ಎಂದು ಕರೆದು ಆಸ್ಪತ್ರೆಗೆ ಒಯ್ಯುತ್ತಾರೆ. ದಿನವಿಡೀ ತೇಗುವುದೂ ಬೇಡ, ಊಟದ ಕೊನೆಗೊಂದು ಸಾಕು.

4. ಬಸಿರು, ಹಾಲು

ಬಸಿರಿನ ಲೆಕ್ಕ ಎರಡರಲ್ಲೂ ಸುಮಾರು 280 ದಿನ, ಕ್ಯಾಲೆಂಡರು ಬದಲಿಸಬೇಕಿಲ್ಲ. ಆದರೆ ಹುಟ್ಟಿದ ಒಂದೆರಡು ಗಂಟೆಯಲ್ಲಿ ಎದ್ದು ಕೆಚ್ಚಲಿಗೆ ಬಾಯಿಡುವ ಕೂಸನ್ನು ನಿರೀಕ್ಷಿಸಬೇಡಿ. ಈ ಮಾದರಿಯ ಕೂಸಿಗೆ ಹೆಜ್ಜೆ ಇಡಲು ಸುಮಾರು ಒಂದು ವರ್ಷ ಬೇಕು. ಹಾಲಿನ ಏರ್ಪಾಡು ಹಿಂದಿನಿಂದ ಎದೆಗೆ ಬಂದಿದೆ, ನಾಲ್ಕರ ಬದಲು ಎರಡು.

ನಿಮ್ಮ ಕರುವಿಗೆ ರೋಗ ತಡೆಯುವ ಶಕ್ತಿ ಗಿಣ್ಣುಹಾಲಿನಿಂದಲೇ ಬರಬೇಕಿತ್ತು. ಮನುಷ್ಯ ಕೂಸಿಗೆ ಅದರ ದೊಡ್ಡ ಪಾಲು ಹುಟ್ಟುವ ಮೊದಲೇ ತಾಯಿಯ ರಕ್ತದಿಂದ ಸಿಕ್ಕಿರುತ್ತದೆ. ಹೀಗಿದ್ದೂ ನಿಮ್ಮ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ತಿನ್ನುವವರು ಈ ಮಾದರಿಯವರೇ.

5. ರಿಪೇರಿ, ಬಿಡಿಭಾಗ

ಮೇವಿನೊಡನೆ ಮೊಳೆಯೋ ತಂತಿಯೋ ಒಳಹೋದರೆ ಅದು ನಿಮ್ಮ ಎರಡನೆಯ ಕೋಣೆಯಲ್ಲಿ ನಿಂತು, ಮುಂದಿರುವ ಹೃದಯವನ್ನೇ ಚುಚ್ಚುವ ಅಪಾಯವಿತ್ತು. ಅದಕ್ಕೆಂದೇ ಪಶುವೈದ್ಯರು ಅಯಸ್ಕಾಂತ ನುಂಗಿಸುವುದುಂಟು. ಈ ದೇಹಕ್ಕೆ ಅದನ್ನು ಎಂದೂ ಮಾಡಬೇಡಿ, ಕರುಳು ತೂತಾದೀತು.

ಬಿಡಿಭಾಗಕ್ಕೆ ನಿಮ್ಮ ಹಳೆಯ ಮಾದರಿಯನ್ನೇ ನೆಚ್ಚಬಹುದು. 1922ರಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ 14 ವರ್ಷದ ಹುಡುಗನಿಗೆ ಚುಚ್ಚಿದ್ದು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. 51 ಅಮೈನೋ ಆಮ್ಲಗಳ ಆ ಸರಣಿಯಲ್ಲಿ ಹಸುವಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಮೂರೇ. ದನದ ಹೃದಯದ ಹೊರಪೊರೆಯಿಂದ ಮಾಡಿದ ಕವಾಟಗಳು ಇಂದು ಎಷ್ಟೋ ಮನುಷ್ಯರ ಎದೆಯಲ್ಲಿ ಬಡಿಯುತ್ತಿವೆ.

6. ದೂರುಗಳು

ಮೆಲುಕು ಹಾಕಲು ದಿನಕ್ಕೆ ಏಳೆಂಟು ಗಂಟೆ ದುಡಿಯುತ್ತಿದ್ದ ಬಾಯಿ ಇನ್ನು ಬಿಡುವಾಗಿರುತ್ತದೆ. ಆ ಹೊತ್ತನ್ನು ಮಾತಿಗೆ ಬಳಸಿ. ಸೊಂಟ ನೋವು, ಎದೆಯುರಿ, ಬಾಡಿಗೆ, ಸೊಸೆ, ಸರ್ಕಾರ, ಯಾವುದರ ಮೇಲೆ ಬೇಕಾದರೂ ದೂರು ಹೇಳಬಹುದು. ಹಳೆಯ ಮಾದರಿಯ ಮೇಲೆ ಇದುವರೆಗೆ ಒಂದೂ ದೂರು ಬಂದಿಲ್ಲ. ಅದರಲ್ಲಿ ಕುಂದಿರಲಿಲ್ಲ ಎಂದೇನಲ್ಲ; ಬಳಸುವವರ ಬಾಯಿ ಕೆಲಸದಲ್ಲಿತ್ತು.